ಸರಾಸರಿ ನಾಲ್ಕು ಬಂತು, ಆದರೆ ಆ ನಾಲ್ಕು ಯಾರ ಹತ್ತಿರ ಇತ್ತು?

ಶಾಲೆಯಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು, ಕಲಿಯುವವರು ಕಳಿಸಿದ ಪ್ರಶ್ನೆಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು. ಉಳಿದ ಬಹುಪಾಲು ಪ್ರಶ್ನೆಗಳ ಬುಡ ಅಲ್ಲೇ ಇದೆ, ಅದಕ್ಕೆ.

ಪ್ರಶ್ನೆ: ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಹತ್ತು ಸಂಖ್ಯೆ ಕೊಟ್ಟರೆ ಮಕ್ಕಳು ಚಕಚಕ ಅಂತ ಸರಾಸರಿ ತೆಗೆದುಬಿಡುತ್ತಾರೆ. 'ಉತ್ತರ 4 ಬಂತಲ್ಲ, ಹಾಗಂದ್ರೆ ಏನು?' ಅಂತ ಕೇಳಿದರೆ ಮಾತ್ರ ಇಡೀ ತರಗತಿ ಗಪ್‌ಚುಪ್. ಎಲ್ಲಿ ಎಡವುತ್ತಿದ್ದೇನೆ? (ಒಬ್ಬ ಶಿಕ್ಷಕಿ)

ಎಡವಿದ್ದು ನೀವಲ್ಲ ಮೇಡಂ, ಪಾಠ ಶುರುವಾಗುವ ಜಾಗವೇ ಸರಿಯಿಲ್ಲ. 'ಎಲ್ಲ ಕೂಡಿಸು, ಎಷ್ಟಿವೆಯೋ ಅಷ್ಟರಿಂದ ಭಾಗಿಸು' ಅನ್ನುವುದು ಬರೀ ಕೂಡುವ, ಭಾಗಿಸುವ ಲೆಕ್ಕ. ಅದನ್ನು ಮಾಡುವಾಗ ಮಗು ಸಂಖ್ಯೆಗಳ ಮುಖ ಕೂಡ ನೋಡಬೇಕಾಗಿಲ್ಲ. ನಾನೂ ಮೊದಲ ಕೆಲವು ವರ್ಷ ಹೀಗೇ ಕಲಿಸಿದವನು. ಮಕ್ಕಳಿಗೆ ಅಂಕ ಬಂತು, ಅಷ್ಟೇ.

ಒಂದು ವಾರ ಸೂತ್ರವನ್ನು ಬದಿಗಿಡಿ. ಐದು ಮಕ್ಕಳನ್ನು ಮುಂದೆ ಕರೆಯಿರಿ. ಖಾಲಿ ಬೆಂಕಿಪೊಟ್ಟಣ ಇದ್ದರೆ ಸಾಕು, ಎಲ್ಲವೂ ಒಂದೇ ಅಳತೆಯವು. ಒಬ್ಬರಿಗೆ 2, ಇಬ್ಬರಿಗೆ ಮೂರು ಮೂರು, ಒಬ್ಬರಿಗೆ 5, ಕೊನೆಯವರಿಗೆ 7 ಕೊಡಿ. ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಲಿ. ಐದು ಗೋಪುರ ಎದ್ದವು. ಈಗ ಹೇಳಿ: 'ಎಲ್ಲ ಗೋಪುರ ಒಂದೇ ಎತ್ತರ ಆಗಬೇಕು. ಕೂಡಿಸುವ ಹಾಗಿಲ್ಲ, ಮಾತಾಡುವ ಹಾಗಿಲ್ಲ.'

ಎಲ್ಲರ ಕೈಯೂ ಮೊದಲು 7ರ ಗೋಪುರದ ಕಡೆಗೇ ಹೋಗುತ್ತದೆ. ಅಲ್ಲಿಂದ ಮೂರು ಇಳಿಯುತ್ತವೆ. ಎರಡು 2ರ ಮೇಲೆ, ಒಂದು 3ರ ಮೇಲೆ. 5ರಿಂದ ಒಂದು ಹೊರಟು ಇನ್ನೊಂದು 3ರ ಮೇಲೆ ಕೂರುತ್ತದೆ. ಎಲ್ಲ ಗೋಪುರವೂ 4 ಆಯಿತು.

ಇಲ್ಲಿ ಸ್ವಲ್ಪ ನಿಲ್ಲಿ. 'ಮೊದಲು ಯಾರ ಹತ್ತಿರ ನಾಲ್ಕಿತ್ತು?' ಅಂತ ಕೇಳಿ. ಯಾರ ಹತ್ತಿರವೂ ಇರಲಿಲ್ಲ! ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಸರಾಸರಿ ಇಡೀ ಗುಂಪಿಗೆ ಸೇರಿದ್ದು. ಗುಂಪಿನಲ್ಲಿರುವ ಯಾರೊಬ್ಬರ ಸಂಖ್ಯೆಯೂ ಅದಾಗಿರಬೇಕು ಅಂತೇನಿಲ್ಲ. ಇದನ್ನು ನೀವು ಬಾಯಿಬಿಟ್ಟು ಹೇಳಿದರೆ ಮರೆತುಹೋಗುತ್ತದೆ. ಗೋಪುರದಲ್ಲಿ ಕಂಡರೆ ಉಳಿಯುತ್ತದೆ.

ಆಮೇಲೆ ಇನ್ನೊಂದು ಪ್ರಶ್ನೆ: ಎಷ್ಟು ಪೊಟ್ಟಣ ಕೈ ಬದಲಾಯಿಸಿದವು? ನಾಲ್ಕು. ಸರಾಸರಿಗಿಂತ ಮೇಲಿದ್ದದ್ದು 3 ಮತ್ತು 1, ಒಟ್ಟು 4. ಕೆಳಗೆ ಕೊರತೆ ಇದ್ದದ್ದು 2, 1, 1. ಅದೂ 4. ಹೆಚ್ಚಿದ್ದದ್ದೂ ಕಮ್ಮಿ ಇದ್ದದ್ದೂ ತೂಗಿ ಸರಿಹೋಯಿತು. ಇದನ್ನು ಅಡಿಕೋಲಿನ ಮೇಲೆ 2, 3, 3, 5, 7ರಲ್ಲಿ ನಾಣ್ಯ ಇಟ್ಟು, 4ರ ಕೆಳಗೆ ಪೆನ್ಸಿಲ್ ಕೊಟ್ಟು ತೂಗಿಸಿ ತೋರಿಸಬಹುದು. ಒಂದು ಎಚ್ಚರಿಕೆ: ಕೋಲಿಗೂ ತನ್ನದೇ ತೂಕ ಇದೆ. ಇದನ್ನು ಮರೆತು ನಾನು ತರಗತಿಯ ಮುಂದೆ ಹತ್ತು ನಿಮಿಷ ಪೇಚಾಡಿದ್ದೇನೆ. ಕೋಲಿನ ನಟ್ಟನಡುವೆ 4 ಬರುವ ಹಾಗೆ ನೀವೇ ಹೊಸದಾಗಿ ಗುರುತು ಹಾಕಿಕೊಳ್ಳಿ.

ಇಷ್ಟಾದ ಮೇಲೆ, 'ಸಾವಿರ ಗೋಪುರ ಇದ್ದರೆ ಏನು ಮಾಡ್ತೀರಿ?' ಅಂತ ಕೇಳಿ. 'ಎಲ್ಲ ಕೆಡವಿ ಒಂದೇ ರಾಶಿ ಹಾಕಿ ಸಮವಾಗಿ ಹಂಚೋಣ' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸೂತ್ರ ಅವರ ಬಾಯಿಂದಲೇ ಬಂತು ನೋಡಿ.

ಕೊನೆಗೆ ಲೆಕ್ಕವನ್ನು ತಿರುಗಿಸಿ. 'ಐದು ಗೋಪುರದ ಸರಾಸರಿ 4. ಗೋಪುರಗಳು ಹೇಗಿದ್ದಿರಬಹುದು?' ಒಬ್ಬಳು ಎಲ್ಲವನ್ನೂ 4 ಅಂತ ಬರೆಯುತ್ತಾಳೆ. ಇನ್ನೊಬ್ಬ ತುಂಟ 0, 0, 0, 0, 20 ಅಂತ ಬರೆಯುತ್ತಾನೆ. ಎರಡೂ ಸರಿ. ಸರಾಸರಿ ಒಂದೇ, ಗುಂಪು ಮಾತ್ರ ಅಜಗಜಾಂತರ. ವ್ಯಾಪ್ತಿ (ಎಲ್ಲಕ್ಕಿಂತ ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರ) ಅಂದರೆ ಏನು, ಅದು ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಗೊತ್ತಿಲ್ಲ. ಅಭ್ಯಾಸದ ಹತ್ತು ಲೆಕ್ಕ ಬಿಟ್ಟರೂ ಪರವಾಗಿಲ್ಲ, ಈ ಒಂದನ್ನು ಬಿಡಬೇಡಿ.

ಪ್ರಶ್ನೆ: ಸರಾಸರಿ ಇರುವಾಗ ಮಧ್ಯಾಂಕ, ಬಹುಲಕ ಯಾಕೆ ಬೇಕು? ಮೂರರಲ್ಲಿ ಯಾವುದು ಸರಿ? (ಒಂಬತ್ತನೇ ತರಗತಿ ವಿದ್ಯಾರ್ಥಿ)

ಮೇಲಿನ ಐದು ಗೋಪುರಗಳನ್ನೇ ತಗೋ. ಕೊನೆಯವನ ಹತ್ತಿರ 7 ಇತ್ತಲ್ಲ, ಅವನಿಗೆ 27 ಕೊಡು. ಈಗ 2, 3, 3, 5, 27. ಒಟ್ಟು 40, ಸರಾಸರಿ 8. ಐದರಲ್ಲಿ ನಾಲ್ಕು ಜನ ಸರಾಸರಿಗಿಂತ ಕೆಳಗಿದ್ದಾರೆ! 'ಈ ಗುಂಪಿನಲ್ಲಿ ಸಾಮಾನ್ಯವಾಗಿ ಎಂಟೆಂಟು ಇರುತ್ತೆ' ಅಂದರೆ ಅದು ಸುಳ್ಳೇ ಅಲ್ವಾ?

ಮಧ್ಯಾಂಕ ಅಂದರೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದಾಗ ನಡುವೆ ಬರುವ ಸಂಖ್ಯೆ. ಮೊದಲೂ ಅದು 3, ಈಗಲೂ 3. ಕೊನೆಯವನಿಗೆ ಸಾಲಿನಲ್ಲಿ ಒಂದು ಜಾಗ ಇದೆ, ಅಷ್ಟೇ. ಅವನ ಹತ್ತಿರ ಎಷ್ಟಿದೆ ಅನ್ನುವುದು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅದಕ್ಕೇ ಒಂದೆರಡು ಸಂಖ್ಯೆ ವಿಪರೀತ ದೊಡ್ಡದೋ ಚಿಕ್ಕದೋ ಇದ್ದಾಗ ಮಧ್ಯಾಂಕವನ್ನು ನಂಬುವುದು ಒಳ್ಳೆಯದು. ಆದರೆ ಎಲ್ಲರಿಗೂ ಸೇರಿ ಒಟ್ಟು ಎಷ್ಟು ಪೊಟ್ಟಣ ಬೇಕು ಅಂತ ಲೆಕ್ಕ ಹಾಕುವಾಗ ಮಧ್ಯಾಂಕ ಕೈಕೊಡುತ್ತದೆ. ಅಲ್ಲಿ ಸರಾಸರಿಯೇ ಬೇಕು.

ಬಹುಲಕ, ಅಂದರೆ ಜಾಸ್ತಿ ಸಲ ಬರುವುದು. ಕೆಲವು ಪುಸ್ತಕಗಳಲ್ಲಿ ಇದನ್ನೇ ರೂಢಿಬೆಲೆ ಅನ್ನುತ್ತಾರೆ. ತರಗತಿಯಲ್ಲಿ ಯಾವ ಬಣ್ಣ ಇಷ್ಟ ಅಂತ ಕೇಳಿದೆ ಅಂದುಕೋ. ಕೆಂಪನ್ನೂ ನೀಲಿಯನ್ನೂ ಕೂಡಿಸಿ ಭಾಗಿಸೋಕೆ ಆಗಲ್ಲ, ಸಾಲಾಗಿ ನಿಲ್ಲಿಸೋಕೂ ಆಗಲ್ಲ. ಅಲ್ಲಿ ಉಳಿಯುವುದು ಇದೊಂದೇ.

ಯಾವುದು ಸರಿ ಅನ್ನುವುದು ನೀನು ಏನು ತಿಳಿದುಕೊಳ್ಳಬೇಕು ಅನ್ನುವುದರ ಮೇಲೆ ಹೋಗುತ್ತದೆ. ಪರೀಕ್ಷೆಗೆ ಮೂರೂ ಓದು, ಅದರಲ್ಲಿ ವಿನಾಯಿತಿ ಇಲ್ಲ.

ಪ್ರಶ್ನೆ: ಮಗಳಿಗೆ ಎಂಟು ವರ್ಷ. ಇಷ್ಟು ಬೇಗ ಸಂಖ್ಯಾಶಾಸ್ತ್ರ ಶುರು ಮಾಡಬಹುದಾ? (ಒಬ್ಬ ತಾಯಿ)

ಆ ಹೆಸರೆತ್ತದೆ ಶುರು ಮಾಡಿ. ಮೇಜಿನ ಉದ್ದವನ್ನು ಗೇಣಿನಲ್ಲಿ ಅಳೆಯಲು ಹೇಳಿ. ನೀವೂ ಅಳೆಯಿರಿ. ಅವಳಿಗೆ ಜಾಸ್ತಿ ಗೇಣು, ನಿಮಗೆ ಕಮ್ಮಿ. ಯಾಕೆ? ಕೈ ಚಿಕ್ಕದು, ಅದು ಅವಳಿಗೇ ಹೊಳೆಯುತ್ತದೆ. ಈಗ ಅವಳೊಬ್ಬಳೇ ಐದು ಸಲ ಅಳೆಯಲಿ. ಒಂದೇ ಮೇಜು, ಒಂದೇ ಕೈ, ಆದರೂ ಪ್ರತಿ ಸಲ ಸ್ವಲ್ಪ ಹೆಚ್ಚುಕಮ್ಮಿ. ಇದು ಯಾಕೆ? ಇಲ್ಲಿ ಮಗು ನಿಜವಾಗಿ ಯೋಚಿಸಲು ಶುರು ಮಾಡುತ್ತದೆ. ಬಂದ ಸಂಖ್ಯೆಗಳನ್ನು ಒಂದು ಗೆರೆಯ ಮೇಲೆ ಚುಕ್ಕಿ ಇಟ್ಟು ತೋರಿಸಿ. ಚುಕ್ಕಿ ಎಲ್ಲಿ ಗುಂಪಾಗಿದೆ, ಯಾವುದು ಒಂಟಿಯಾಗಿ ದೂರ ನಿಂತಿದೆ ಅಂತ ಅವಳೇ ಹೇಳಲಿ. ಈ ವಯಸ್ಸಿಗೆ ಇಷ್ಟು ಧಾರಾಳ ಸಾಕು.

ಪ್ರಶ್ನೆ: ನಾಣ್ಯ ಚಿಮ್ಮಿದರೆ ಹೆಡ್ ಬರುವ ಸಂಭವನೀಯತೆ ಅರ್ಧ ಅಂತ ಹೇಳಿಕೊಟ್ಟೆ. ಒಬ್ಬ ಹುಡುಗ ಅಲ್ಲೇ ಹತ್ತು ಸಲ ಚಿಮ್ಮಿ, ಏಳು ಹೆಡ್ ಬಂತು ಅಂತ ತೋರಿಸಿ, 'ಸುಳ್ಳು ಹೇಳಿದ್ರಲ್ಲ ಸರ್' ಅಂದ. ಏನು ಹೇಳಲಿ? (ಎಂಟನೇ ತರಗತಿಯ ಶಿಕ್ಷಕರು)

ಮೊದಲು ಅವನಿಗೆ ಶಭಾಷ್ ಅನ್ನಿ. ಪುಸ್ತಕದ ಮಾತನ್ನು ಕೈಯಲ್ಲಿರುವ ನಾಣ್ಯದ ಜೊತೆ ತಾಳೆ ನೋಡಿದ್ದಾನೆ. ತಪ್ಪು ನಮ್ಮದು. 'ಅರ್ಧ' ಅಂತ ಹೇಳಿ ವಿವರಣೆಯನ್ನೂ ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ.

ಹತ್ತು ಸಲ ಚಿಮ್ಮಿದಾಗ ಸರಿಯಾಗಿ 5-5 ಬರುವ ಸಾಧ್ಯತೆ ಶೇ 25 ಕೂಡ ಇಲ್ಲ. 7-3 ಅಥವಾ ಅದಕ್ಕಿಂತ ಹೆಚ್ಚಾಗಿ ಯಾವುದಾದರೂ ಒಂದು ಕಡೆ ವಾಲುವ ಸಾಧ್ಯತೆ ಸುಮಾರು ಶೇ 34. ಅಂದರೆ 30 ಮಕ್ಕಳಿದ್ದರೆ ಹತ್ತು ಜನರಿಗೆ ಹೀಗೇ ಒಂದು ಕಡೆ ವಾಲಿ ಬಂದರೂ ಆಶ್ಚರ್ಯ ಇಲ್ಲ. ಅದೇ ನೂರು ಸಲ ಚಿಮ್ಮಿದರೆ 70-30ರಷ್ಟು ವಾಲುವುದು ಹತ್ತು ಸಾವಿರಕ್ಕೆ ಒಂದು ಸಲವೂ ಬರುವುದಿಲ್ಲ.

ಹಾಗಾದರೆ ಮುಂದೆ ಟೇಲ್ ಜಾಸ್ತಿ ಬಂದು ಸರಿಮಾಡುತ್ತದಾ? ಮಕ್ಕಳು ಖಂಡಿತ ಹೀಗೆ ಅಂದುಕೊಳ್ಳುತ್ತಾರೆ. ದೊಡ್ಡವರೂ ಅಷ್ಟೇ. ನಾಣ್ಯಕ್ಕೆ ನೆನಪಿನ ಶಕ್ತಿ ಇಲ್ಲ. ಹುಡುಗನ ಏಳರಿಂದಲೇ ಮುಂದುವರಿಸಿ ನೋಡಿ. ತರಗತಿಯ ಉಳಿದವರೆಲ್ಲ ಸೇರಿ ಇನ್ನೂ 290 ಸಲ ಚಿಮ್ಮಿ, ಸರಿಯಾಗಿ ಅರ್ಧ, ಅಂದರೆ 145 ಹೆಡ್ ಬಂತು ಅಂದುಕೊಳ್ಳಿ. ಒಟ್ಟು 300ಕ್ಕೆ 152. ಮೊದಲು ಹೆಚ್ಚಾಗಿ ಬಂದಿದ್ದ ಎರಡು ಹೆಡ್ ಹಾಗೇ ಇವೆ, ಅವನ್ನು ಯಾರೂ ವಾಪಸ್ ತಗೊಂಡಿಲ್ಲ. ಆದರೂ ಹೆಡ್‌ಗಳ ಪಾಲು 0.7ರಿಂದ ಸುಮಾರು 0.507ಕ್ಕೆ ಇಳಿಯಿತು. ಹೆಚ್ಚಾದದ್ದು ಅಳಿಸಿಹೋಗಲಿಲ್ಲ, ದೊಡ್ಡ ಸಂಖ್ಯೆಯಲ್ಲಿ ಮುಳುಗಿಹೋಯಿತು. ಬೋರ್ಡಿನ ಮೇಲೆ ಹತ್ತು ಹತ್ತು ಟಾಸ್‌ಗೆ ಒಂದೊಂದು ಚುಕ್ಕಿ ಇಟ್ಟು ಈ ಪಾಲಿನ ಗೆರೆ ಎಳೆಯಿರಿ. ಮೊದಲು ಕುಡಿದವನ ಹಾಗೆ ಓಲಾಡುವ ಗೆರೆ ಬರಬರುತ್ತಾ ತೆಪ್ಪಗಾಗುತ್ತದೆ.

ಮಕ್ಕಳಿಗೆ ಕಥೆ ಬೇಕು ಅಂದರೆ ಜಾನ್ ಕೆರಿಚ್ ಅವರದ್ದು ಹೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಈ ಗಣಿತಜ್ಞ ಕೂತು 10,000 ಸಲ ನಾಣ್ಯ ಚಿಮ್ಮಿದರು. 5,067 ಹೆಡ್ ಬಂತು.

ಇನ್ನೊಂದು ಆಟ ಇದೆ, ನನಗೆ ತುಂಬಾ ಇಷ್ಟ. ತರಗತಿಯನ್ನು ಎರಡು ಗುಂಪು ಮಾಡಿ ನೀವು ಹೊರಗೆ ಹೋಗಿ. ಒಂದು ಗುಂಪು ನಿಜವಾಗಿ 20 ಸಲ ಚಿಮ್ಮಿ ಬರೆಯಲಿ. ಇನ್ನೊಂದು ಗುಂಪು ನಾಣ್ಯ ಮುಟ್ಟದೆ, ಸುಮ್ನೆ ಮನಸ್ಸಿಗೆ ಬಂದ ಹಾಗೆ 20 ಫಲಿತಾಂಶ ಬರೆಯಲಿ. ಒಳಗೆ ಬಂದು ಯಾವುದು ಕಳ್ಳ ಪಟ್ಟಿ ಅಂತ ನೀವು ಹಿಡಿಯಬೇಕು. ಗುಟ್ಟು ಇಷ್ಟೇ: ಮನಸ್ಸಿನಿಂದ ಬರೆಯುವವರು ಒಂದೇ ಫಲಿತಾಂಶವನ್ನು ಸತತ ನಾಲ್ಕು ಸಲ ಬರೆಯಲು ಹೆದರುತ್ತಾರೆ. ನಿಜವಾದ 20 ಟಾಸ್‌ನಲ್ಲಿ ಸತತ ನಾಲ್ಕೋ ಜಾಸ್ತಿಯೋ ಒಂದೇ ಬರುವ ಸಾಧ್ಯತೆ ಸುಮಾರು ಶೇ 77. ಒಮ್ಮೊಮ್ಮೆ ನೀವೂ ಸೋಲುತ್ತೀರಿ. ಆ ಶೇ 77 ನೂರು ಯಾಕಲ್ಲ ಅಂತ ಹೇಳಲು ಅದೇ ಸರಿಯಾದ ಸಮಯ.

ಪ್ರಶ್ನೆ: ಸ್ತಂಭಾಲೇಖ ಯಾವಾಗಲೂ ಸೊನ್ನೆಯಿಂದಲೇ ಶುರುವಾಗಬೇಕಾ? (ಒಬ್ಬ ವಿದ್ಯಾರ್ಥಿನಿ)

ಹೂಂ, ಸ್ತಂಭ ಇದ್ದರೆ ಸೊನ್ನೆಯಿಂದಲೇ. 52 ಮತ್ತು 55ಕ್ಕೆ ಎರಡು ಸ್ತಂಭ ಎಳೆದು, ಕೆಳಗಿನ ಗೆರೆಯನ್ನು 50ರಿಂದ ಶುರು ಮಾಡಿ ನೋಡು. ಒಂದು 2 ಮನೆ ಎತ್ತರ, ಇನ್ನೊಂದು 5 ಮನೆ. ಇರುವ ವ್ಯತ್ಯಾಸ ಬರೀ ಮೂರು, ಕಣ್ಣಿಗೆ ಮಾತ್ರ ಎರಡೂವರೆ ಪಟ್ಟು ಕಾಣುತ್ತದೆ. ಚುಕ್ಕಿ, ಗೆರೆಗಳ ನಕ್ಷೆಯಲ್ಲಿ ಇಷ್ಟು ಕಟ್ಟುನಿಟ್ಟು ಬೇಡ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆ ಅನ್ನುವುದು ನನ್ನ ಪ್ರಾಜೆಕ್ಟ್. 20 ಗೆಳೆಯರನ್ನು ಕೇಳಿದೆ. ಸಾಲದು ಅಂತ ಟೀಚರ್ ಹೇಳಿದರು. ಎಷ್ಟು ಜನರನ್ನು ಕೇಳಬೇಕು? (ಎಂಟನೇ ತರಗತಿ ವಿದ್ಯಾರ್ಥಿ)

20 ಸ್ವಲ್ಪ ಕಮ್ಮಿಯೇ, ಆದರೆ ನಿನ್ನ ತೊಂದರೆ ಇಪ್ಪತ್ತರಲ್ಲಿ ಇಲ್ಲ, 'ಗೆಳೆಯರು' ಅನ್ನುವುದರಲ್ಲಿ ಇದೆ. ಗೆಳೆಯರು ಒಂದೇ ವಯಸ್ಸಿನವರು, ಹೆಚ್ಚುಕಮ್ಮಿ ನಿನ್ನ ಹಾಗೇ ಏಳುವವರು, ಮಲಗುವವರು. ಅಂಥ ಇನ್ನೂರು ಜನರನ್ನು ಕೇಳಿದರೂ ಶಾಲೆಯ ವಿಷಯ ಗೊತ್ತಾಗುವುದಿಲ್ಲ.

1936ರಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಮೊದಲು 'ಲಿಟರರಿ ಡೈಜೆಸ್ಟ್' ಅನ್ನುವ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಪತ್ರ ಕಳಿಸಿ ಕೇಳಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ಗೆದ್ದದ್ದು ರೂಸ್ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಹೆಸರುಗಳನ್ನು ಬಹುಪಾಲು ಟೆಲಿಫೋನ್ ಡೈರೆಕ್ಟರಿ, ಕಾರು ಇದ್ದವರ ಪಟ್ಟಿಗಳಿಂದ ತೆಗೆದಿದ್ದರು. ಆರ್ಥಿಕ ಕುಸಿತದ ಆ ಕಷ್ಟದ ವರ್ಷಗಳಲ್ಲಿ ಫೋನು, ಕಾರು ಇದ್ದವರು ಅನುಕೂಲಸ್ಥರು. ಸಾಲದ್ದಕ್ಕೆ, ನಾಲ್ಕರಲ್ಲಿ ಮೂರು ಜನ ಉತ್ತರವನ್ನೇ ಕೊಟ್ಟಿರಲಿಲ್ಲ. ಅದಕ್ಕಿಂತ ಎಷ್ಟೋ ಕಮ್ಮಿ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಗೆಲ್ಲುವವರು ಯಾರು ಅಂತ ಸರಿಯಾಗಿ ಹೇಳಿದ್ದರು.

ನೀನು ಹೀಗೆ ಮಾಡು. ಶಾಲೆಯ ಎಲ್ಲರ ಹೆಸರನ್ನೂ ಒಂದೊಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕು. ಚೆನ್ನಾಗಿ ಕುಲುಕಿ, ಕಣ್ಣುಮುಚ್ಚಿ 40 ಚೀಟಿ ಎತ್ತು. ಹೆಸರು ಬಂದವರು ರಜೆಯಲ್ಲಿದ್ದರೆ ನಾಳೆ ಹೋಗಿ ಕೇಳು, ಬದಲಿಗೆ ಪಕ್ಕದವರನ್ನು ಹಿಡಿಯಬೇಡ. 'ಎಷ್ಟು ಗಂಟೆ ನಿದ್ದೆ ಮಾಡ್ತೀಯಾ?' ಅಂತ ಕೇಳಿದರೆ ಎಲ್ಲರೂ ಬಾಯಿಗೆ ಬಂದದ್ದು ಹೇಳುತ್ತಾರೆ. 'ನಿನ್ನೆ ರಾತ್ರಿ ಎಷ್ಟಕ್ಕೆ ಮಲಗಿದೆ, ಇವತ್ತು ಎಷ್ಟಕ್ಕೆ ಎದ್ದೆ?' ಅಂತ ಕೇಳಿ, ಕಳೆಯುವ ಕೆಲಸ ನೀನೇ ಮಾಡು. ಹಾಂ, ಚೀಟಿಯಲ್ಲಿ ನಿನ್ನ ಹೆಸರೇ ಬಂದರೆ ನಿನ್ನನ್ನೂ ಕೇಳಿಕೋ.