ಕಾಡುಹಂದಿ ಬೇಟೆಯ ರೈಫಲ್‌ಗೆ ರೆಡ್ ಡಾಟೋ, ಸ್ಕೋಪೋ?

ಟೆಕ್ಸಾಸ್‌ನಲ್ಲಿ ಕಾಡುಹಂದಿ ಬೇಟೆಗೆಂದು ಕೊಂಡ ಎಆರ್-15 ರೈಫಲ್‌ಗೆ ರೆಡ್ ಡಾಟ್ (ಗಾಜಿನಲ್ಲಿ ಬೆಳಗುವ ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ಸಾಧನ) ಕೂರಿಸುವುದೋ ಸ್ಕೋಪ್ (ಗುರಿಯನ್ನು ದೊಡ್ಡದಾಗಿ ತೋರಿಸುವ ದುರ್ಬೀನು) ಕೂರಿಸುವುದೋ ಎಂದು ಕೇಳಿದ್ದೀರಿ. ತಮಗೆ ಅಸ್ಟಿಗ್ಮ್ಯಾಟಿಸಂ, ಎಂದರೆ ಕಣ್ಣಿನ ಆಕಾರದ ಏರುಪೇರಿನಿಂದ ನೋಟ ಕದಡುವ ದೋಷ, ಇರುವುದನ್ನೂ ತಿಳಿಸಿದ್ದೀರಿ. ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ಆ ಎರಡನೆಯ ಸಂಗತಿಯೇ. ರೆಡ್ ಡಾಟ್‌ನ 2 ಎಂಒಎ (ಒಂದು ಎಂಒಎ ಎಂದರೆ ಡಿಗ್ರಿಯ 60ನೆಯ ಒಂದು ಭಾಗ) ಅಳತೆಯ ಚುಕ್ಕೆ 100 ಗಜ ದೂರದಲ್ಲಿ ಸುಮಾರು 2 ಅಂಗುಲವನ್ನಷ್ಟೇ ಮರೆಮಾಡಬೇಕು. ಆದರೆ ಅಸ್ಟಿಗ್ಮ್ಯಾಟಿಸಂ ಇರುವ ಕಣ್ಣಿಗೆ ಅದು ಧೂಮಕೇತುವಿನಂತೆ ಬಾಲ ಬಿಟ್ಟುಕೊಂಡು, ಗುರಿಯ ಬಹುಭಾಗವನ್ನೇ ನುಂಗಿಬಿಡುವುದುಂಟು. ಕೊಳ್ಳುವ ಮುನ್ನ ಅಂಗಡಿಯಲ್ಲಿ ಕನ್ನಡಕ ಧರಿಸಿಯೇ ನೋಡಿರಿ, ಬಳಿಕ ಅದೇ ಚುಕ್ಕೆಯನ್ನು ಫೋನಿನ ಕ್ಯಾಮೆರಾದಲ್ಲಿ ನೋಡಿರಿ: ಅಲ್ಲಿ ದುಂಡಗೆ ಕಂಡರೆ ದೋಷ ಸಾಧನದ್ದಲ್ಲ. (ಮಾರುವವರು ಇದನ್ನು ತಾವಾಗಿಯೇ ಹೇಳುವುದು ಅಪರೂಪ.)

ಸ್ಕೋಪಿನ ಗಾಜಿನ ಮೇಲೆ ಕೆತ್ತಿದ ರೆಟಿಕಲ್‌ನಲ್ಲಿ (ಗುರಿ ಹಿಡಿಯುವ ಗೆರೆಗಳಲ್ಲಿ) ಈ ತೊಂದರೆ ಬಹಳ ಕಡಿಮೆಯಾದ್ದರಿಂದ, ತಮಗೆ ದೃಶ್ಯವನ್ನು 1ರಿಂದ 6 ಪಟ್ಟಿನವರೆಗೆ ಹಿಗ್ಗಿಸಿ ತೋರಿಸುವ, 24 ಮಿ.ಮೀ. ಮುಂಗಾಜಿನ ಸ್ಕೋಪ್ ಒಪ್ಪುತ್ತದೆಂದು ಭಾವಿಸುತ್ತೇನೆ. ಇದು ಭಾರ ಹೆಚ್ಚು. ಕಣ್ಣನ್ನೂ ನಿಗದಿತ ಅಂತರದಲ್ಲೇ ಇಡಬೇಕಾಗುತ್ತದೆ. ಹಂದಿಗಳು ಹೊರಬರುವ ಮುಸ್ಸಂಜೆಯಲ್ಲಿ 6 ಪಟ್ಟಿಗೇ ಅಂಟಿಕೊಳ್ಳಬೇಡಿ: ಆಗ ಕಣ್ಣಿಗೆ ಬೀಳುವ ಬೆಳಕಿನ ವೃತ್ತ ಕೇವಲ 4 ಮಿ.ಮೀ. ಆಗಿರುತ್ತದೆ, 3 ಪಟ್ಟಿಗೆ ಇಳಿಸಿದರೆ ಚಿತ್ರ ಬೆಳಗುತ್ತದೆ. ಪೊದೆಗಳ ನಡುವೆ 50 ಗಜದೊಳಗಷ್ಟೇ ಗುಂಡು ಹಾರಿಸುವುದಾದರೆ ಮಾತ್ರ ರೆಡ್ ಡಾಟ್‌ನ ವಿಚಾರ ಮಾಡಬಹುದು.