ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದರೂ ತೂಕಡಿಕೆ ಹೋಗುವುದಿಲ್ಲ, ಏನು ಮಾಡಲಿ?

ಬೆಳಿಗ್ಗೆ 9ಕ್ಕೆ ಮಲಗಿದರೆ ಮಧ್ಯಾಹ್ನ 1ಕ್ಕೇ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ, ವಾರ್ಡಿನಲ್ಲಿ ಬೆಳಗಿನ ಜಾವ ಕಣ್ಣು ಎಳೆಯುತ್ತದೆ ಎಂದು ಕೇಳಿದ್ದೀರಿ. ಕಾರಣ ದೇಹದ ಗಡಿಯಾರದಲ್ಲಿದೆ. ಮೈಯ ಉಷ್ಣತೆ ಬೆಳಗಿನ ಜಾವ 4ರ ಸುಮಾರಿಗೆ ತೀರಾ ಇಳಿದು, ಆಮೇಲೆ ಏರತೊಡಗುತ್ತದೆ. ನೀವು ಹಾಸಿಗೆ ಸೇರುವಾಗ ದೇಹ ಎದ್ದು ಕೂರುವ ಸಿದ್ಧತೆಯಲ್ಲಿರುತ್ತದೆ. ನಾಲ್ಕೈದು ಗಂಟೆಯಲ್ಲಿ ದಣಿವು ಸ್ವಲ್ಪ ಇಳಿದರೆ ಸಾಕು, ಎಚ್ಚರವಾಗಿಬಿಡುತ್ತದೆ.

ಹಾಗಾಗಿ ಒಂದೇ ಸಮನೆ ಎಂಟು ಗಂಟೆ ಮಲಗುವ ಹಟ ಬಿಟ್ಟು, ನಿದ್ದೆಯನ್ನು ಎರಡು ಕಂತು ಮಾಡಿ. ಬಂದ ಕೂಡಲೇ ಕತ್ತಲೆ ಕೋಣೆಯಲ್ಲಿ, ಫೋನ್ ಸೈಲೆಂಟ್ ಮಾಡಿ, ತಾನಾಗಿ ಎಚ್ಚರವಾಗುವವರೆಗೆ ಒಂದು. ಸಂಜೆ ಡ್ಯೂಟಿಗೆ ಹೊರಡುವ ಮುನ್ನ 90 ನಿಮಿಷ ಇನ್ನೊಂದು. ಬಹಳಷ್ಟು ಮಂದಿ, ಅದರಲ್ಲೂ ಹೆಂಗಸರು, ಈ ಎರಡನೆಯದನ್ನು ಮನೆಗೆಲಸಕ್ಕೆ ಬಿಟ್ಟುಕೊಡುತ್ತಾರೆ. ದಯವಿಟ್ಟು ಬಿಡಬೇಡಿ, ಮನೆಯವರಿಗೂ ಇದನ್ನು ತಿಳಿಸಿ ಹೇಳಿ. ಮಧ್ಯಾಹ್ನ 1ಕ್ಕೆ ಎದ್ದು ಮತ್ತೆ ಮಲಗದಿದ್ದರೆ ಮರುದಿನ ಬೆಳಿಗ್ಗೆ 6ಕ್ಕೆ 17 ಗಂಟೆ ಎಚ್ಚರವಿದ್ದಂತಾಯಿತು. ಅಷ್ಟು ಹೊತ್ತಿಗೆ ಕೈ-ಕಣ್ಣಿನ ಚುರುಕು, ರಕ್ತದಲ್ಲಿ ಶೇ 0.05 ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತ್ತು. ಇನ್ಸುಲಿನ್ ಡೋಸ್ ಆಗಲಿ, ರಕ್ತನಾಳಕ್ಕೆ ಔಷಧಿ ಹರಿಸುವ ಇನ್‌ಫ್ಯೂಷನ್ ಪಂಪಿನ ರೇಟ್ ಆಗಲಿ, 3ರಿಂದ 6ರೊಳಗೆ ಬದಲಿಸುವುದಿದ್ದರೆ ಗಟ್ಟಿಯಾಗಿ ಓದಿ, ಜೊತೆಯವರಿಂದ ಇನ್ನೊಮ್ಮೆ ನೋಡಿಸಿ.

ಬ್ರೇಕ್ ಸಿಕ್ಕರೆ 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಯ ನಡುವೆ ಏಳಬೇಕಾಗುತ್ತದೆ. ಆ ಮಂಪರು ಅರ್ಧ ಗಂಟೆಯವರೆಗೂ ಬಿಡದು, ಅಷ್ಟರಲ್ಲಿ ಎಮರ್ಜೆನ್ಸಿ ಬಂದರೆ ಕಷ್ಟ. ಕಾಫಿ-ಟೀ ಡ್ಯೂಟಿಯ ಮೊದಲರ್ಧಕ್ಕೇ ಮುಗಿಯಲಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. 9ಕ್ಕೆ ಮಲಗುವವರಿಗೆ 3ರ ನಂತರದ ಲೋಟ ನಿದ್ದೆಗೇ ಕುತ್ತು.

ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸಿ (ಹ್ಯಾಂಡೋವರ್) ನೀವೇ ಗಾಡಿ ಓಡಿಸುವವರಾದರೆ ಎಚ್ಚರ. ರೆಪ್ಪೆ ಭಾರವಾಗುತ್ತಿದ್ದರೆ ಗಾಳಿ, ಹಾಡು ಯಾವುದೂ ಕಾಯುವುದಿಲ್ಲ. ಆಸ್ಪತ್ರೆಯಲ್ಲೇ 20 ನಿಮಿಷ ಮಲಗಿ, ಪೂರ್ತಿ ಎಚ್ಚರವಾದ ಮೇಲೆ ಹೊರಡಿ, ಇಲ್ಲವೇ ಬೇರೆಯವರ ಗಾಡಿಯಲ್ಲಿ ಹೋಗಿ. ಬಿಸಿಲು ದೇಹದ ಗಡಿಯಾರವನ್ನು ಇನ್ನಷ್ಟು ಎಬ್ಬಿಸುತ್ತದಾದ್ದರಿಂದ ಕಪ್ಪು ಕನ್ನಡಕ ಒಳ್ಳೆಯದು, ಆದರೆ ಹಿಂದೆ ಕುಳಿತು ಹೋಗುವವರಿಗೆ ಮಾತ್ರ.

ರೋಸ್ಟರ್ ಹಾಕುವವರೊಡನೆ ಮಾತಾಡಲು ಸಾಧ್ಯವಿದ್ದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಪಾಳಿ ಕೇಳಿ. ನಿದ್ದೆಯನ್ನು ಮುಂದೂಡುವುದು ದೇಹಕ್ಕೆ ಸುಲಭ, ಹಿಂದಕ್ಕೆ ಎಳೆಯುವುದು ಕಷ್ಟ.

ರಜೆಯ ದಿನಗಳಲ್ಲೂ ತೂಕಡಿಕೆ ಇದ್ದರೆ, ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದರೆ, ಅಥವಾ ಇದೆಲ್ಲ ಮಾಡಿಯೂ ಮೂರು ತಿಂಗಳು ಹೀಗೇ ಎಳೆದರೆ ನಿದ್ರಾ ತಜ್ಞರನ್ನು ಕಾಣಿ. ಅದಕ್ಕೆ ಮೊದಲು ತೂಕಡಿಕೆ ಎಷ್ಟಿದೆ ಎಂದು ಅಳೆಯುವ ಎಪ್‌ವರ್ತ್ ಪ್ರಶ್ನಾವಳಿ ತುಂಬಿಕೊಳ್ಳಿ: 8 ಪ್ರಶ್ನೆ, ಒಟ್ಟು 24 ಅಂಕ, 10 ದಾಟಿದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ತೂಕಡಿಕೆ. ಮಾತ್ರೆ ಕೈಗೆ ಸಿಗುವ ಜಾಗದಲ್ಲೇ ನಮ್ಮ ಕೆಲಸವಾದರೂ, ನಿದ್ದೆಯದಾಗಲಿ ಎಚ್ಚರದ್ದಾಗಲಿ, ವೈದ್ಯರು ಬರೆದುಕೊಡದೆ ನುಂಗಬೇಡಿ.