ಫ್ಯಾನ್ 4ರಲ್ಲಿ ಮಾತ್ರ ತಿರುಗಿದರೆ ಮೊದಲು ರೆಸಿಸ್ಟರ್ ನೋಡಿ

ಕಾರಿನ ಹೀಟರ್ ಫ್ಯಾನ್ ಸ್ಪೀಡ್ 1, 2, 3ರಲ್ಲಿ ತಿರುಗುವುದೇ ಇಲ್ಲ, 4ರಲ್ಲಿ ಮಾತ್ರ ಜೋರಾಗಿ ತಿರುಗುತ್ತದೆ, ಗ್ಯಾರೇಜಿನವರು ಮೋಟಾರೇ ಬದಲಿಸಬೇಕು ಅಂದರು ಅಂತ ಬರೆದಿದ್ದೀರಿ. ದಯವಿಟ್ಟು ಈಗಲೇ ಒಪ್ಪಬೇಡಿ. 4ರಲ್ಲಿ ತಿರುಗುತ್ತಿದೆ ಅಂದಮೇಲೆ ಮೋಟಾರ್ ಸತ್ತಿಲ್ಲ, ಅಲ್ವಾ? ಕೈಯಲ್ಲಿ ಸ್ಪೀಡ್ ತಿರುಗಿಸುವ ಮಾಮೂಲಿ ಕಾರುಗಳಲ್ಲಿ ಕಡಿಮೆ ಸ್ಪೀಡಿನ ಕರೆಂಟ್ ರೆಸಿಸ್ಟರ್ (ಕರೆಂಟನ್ನು ತಡೆದು ಕಡಿಮೆ ಮಾಡುವ ಭಾಗ) ಮೂಲಕ ಹೋಗುತ್ತದೆ, ಪೂರ್ತಿ ಸ್ಪೀಡಿಗೆ ಮಾತ್ರ ನೇರವಾಗಿ. ಹಾಗಾಗಿ ಹೋಗಿರುವುದು ಹೆಚ್ಚಾಗಿ ರೆಸಿಸ್ಟರೇ.

ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಗ್ಲೋವ್ ಬಾಕ್ಸ್ ತೆಗೆದು ಬ್ಲೋವರ್ (ಅಂದರೆ ಇದೇ ಫ್ಯಾನ್, ಮೋಟಾರ್) ಅಕ್ಕಪಕ್ಕ ಟಾರ್ಚ್ ಬಿಟ್ಟು ನೋಡಿ, ಹಲವು ಕಾರುಗಳಲ್ಲಿ ರೆಸಿಸ್ಟರ್ ಅಲ್ಲೇ ಇರುತ್ತದೆ: ಗಾಳಿ ಹೋಗುವ ದಾರಿಗೆ ತೂರಿಸಿ ಸ್ಕ್ರೂ ಹಾಕಿದ ಪುಟ್ಟ ಭಾಗ, ಅದಕ್ಕೊಂದು ಕನೆಕ್ಟರ್. ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು. ರೆಸಿಸ್ಟರ್ ಹೊರಗೆ ತೆಗೆದು ಮಲ್ಟಿಮೀಟರಿನಲ್ಲಿ ಪಿನ್‌ಗಳ ನಡುವೆ ಓಮ್ಸ್ ನೋಡಿ. ಕೆಲವೇ ಓಮ್ಸ್ ಬರಬೇಕು, ಮೀಟರ್ ಓಮ್ಸ್ ಬದಲು OL (ಸಂಪರ್ಕ ಕಡಿದಿದೆ) ಅಂತ ತೋರಿಸಿದರೆ ಸಾಮಾನ್ಯವಾಗಿ ಅದರಲ್ಲಿರುವ ಥರ್ಮಲ್ ಫ್ಯೂಸ್ ಹೋಗಿರುತ್ತದೆ. ಅಲ್ಲಿಗೆ ತಂತಿ ಸುತ್ತಿ ಜೋಡಿಸುವ ಕೆಲಸ ಮಾತ್ರ ಮಾಡಲೇಬೇಡಿ, ಬಿಸಿ ಮಿತಿ ಮೀರಿದಾಗ ಬೆಂಕಿ ಹತ್ತದಂತೆ ಕಾಯುವುದೇ ಆ ಫ್ಯೂಸು. ಹೊಸ ರೆಸಿಸ್ಟರ್ ಹಾಕಿ. ಕನೆಕ್ಟರಿನ ಪ್ಲಾಸ್ಟಿಕ್ ಕಂದಾಗಿದ್ದರೆ, ಕರಗಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಲೂಸ್ ಪಿನ್ ಬಿಸಿಯಾಗಿ ಮತ್ತೆ ಅದೇ ಗೋಳು.

ಇನ್ನೊಂದು, ಅದು ಯಾಕೆ ಸುಟ್ಟಿತು ಅಂತ ನೋಡದೆ ಮುಚ್ಚಬೇಡಿ. ಕಾರಿನೊಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಧೂಳು ಕಟ್ಟಿದ್ದರೆ ರೆಸಿಸ್ಟರನ್ನು ತಣ್ಣಗಿಡುವ ಗಾಳಿಯೇ ಸಾಲುವುದಿಲ್ಲ. ಮರದ ಕೆಳಗೆ ನಿಲ್ಲಿಸುವ ಕಾರಾದರೆ ಫ್ಯಾನಿನೊಳಗೆ ಎಲೆ ಸಿಕ್ಕಿರಬಹುದು. ಫ್ಯಾನನ್ನು ಕೈಯಲ್ಲೇ ತಿರುಗಿಸಿ ನೋಡಿ: ಸಲೀಸಾಗಿ ತಿರುಗಿದರೆ ಸರಿ, ಬಿಗಿಯಾಗಿದ್ದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿದೆ, ಆಗ ಗ್ಯಾರೇಜಿನವರು ಹೇಳಿದ ಹಾಗೆ ಅದನ್ನೂ ಬದಲಿಸಬೇಕಾಗುತ್ತದೆ.